‘ಉಗ್ರ’ ಎಂಬ ಎರಡಕ್ಷರ: ನಾಗುರಿ ಸ್ಫೋಟ ಮತ್ತು ಒಂದು ಶೀರ್ಷಿಕೆಯ ಪ್ರಕರಣ

2022ರ ನವೆಂಬರ್ 19ರ ಶನಿವಾರ ಸಂಜೆ ಮಂಗಳೂರಿನ ಗರೋಡಿ ಹತ್ತಿರ ಓಡುತ್ತಿದ್ದ ರಿಕ್ಷಾವೊಂದರೊಳಗೆ ಸ್ಫೋಟವಾಯಿತು. ನಾಗುರಿಯ ಕಡೆಯಿಂದ ಪಂಪ್‌ವೆಲ್ ಕಡೆಗೆ ಬಾಡಿಗೆ ಹೋಗುತ್ತಿದ್ದ ರಿಕ್ಷಾ ಅದು. ಚಾಲಕನ ಮೈಯೂ ಸುಟ್ಟಿತು, ಪ್ರಯಾಣಿಕನ ಮೈಯೂ ಸುಟ್ಟಿತು. ಒಳಗೆ ಪೊಲೀಸರಿಗೆ ಸಿಕ್ಕಿದ್ದು ಪ್ರೆಶರ್ ಕುಕ್ಕರ್, ಬ್ಯಾಟರಿ, ವಯರು.

ಆಗ ನಾನು ಮಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿ ನೋಡಿಕೊಳ್ಳುತ್ತಿದ್ದೆ. ಆ ಮೂರು ರಾತ್ರಿ ನಾವು ಯಾವ ಪದ ಹಾಕಿದೆವು, ಎಲ್ಲಿ ಎಡವಿದೆವು ಎಂಬುದನ್ನು ಪತ್ರಿಕೋದ್ಯಮ ಓದುವ ಮಕ್ಕಳಿಗೆ ಆಗಾಗ ಹೇಳುತ್ತ ಬಂದಿದ್ದೇನೆ. ಬರೆದು ಕೊಡಿ ಎಂದು ಅವರೇ ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ತನಿಖೆಯ ವಿವರ ಎಷ್ಟು ಬೇಕೋ ಅಷ್ಟೇ ಇದೆ, ಉಳಿದದ್ದೆಲ್ಲ ಪದದ ವಿಚಾರ.

ಮೊದಲೆರಡು ರಾತ್ರಿ

ಶನಿವಾರ ರಾತ್ರಿ ಎಂಟೂವರೆ ಹೊತ್ತಿಗೆ ಕ್ರೈಂ ನೋಡುವ ಹುಡುಗ ಫೋನ್ ಮಾಡಿದ. “ಮೇಡಂ, ಪ್ಯಾಸೆಂಜರಿನ ಹತ್ತಿರ ಆಧಾರ್ ಕಾರ್ಡ್ ಸಿಕ್ಕಿದೆ. ಹಿಂದೂ ಹೆಸರು. ಹಾಕುವುದಾ?”

ಡೆಸ್ಕಿನಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹೆಸರು ಕೇಳಿದ ಕೂಡಲೇ ಕೆಲವರ ಮುಖ ಸಡಿಲಾದದ್ದನ್ನು, ಇನ್ನು ಕೆಲವರ ಮುಖ ಗೊಂದಲಕ್ಕೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಹೆಸರು ಬರುವ ಮೊದಲೇ ಎಲ್ಲರ ತಲೆಯಲ್ಲೂ ಒಂದು ಹೆಸರು ಕೂತಿತ್ತು ಎಂಬುದು ಆಗಲೇ ಗೊತ್ತಾಯಿತು. ನನ್ನ ತಲೆಯಲ್ಲೂ ಕೂತಿತ್ತು.

ಹಾಕುವುದು ಬೇಡ ಎಂದೆ. ಕಾರ್ಡ್ ಕಿಸೆಯಲ್ಲಿದ್ದ ಮಾತ್ರಕ್ಕೆ ಅದು ಅವನದೇ ಎಂದು ಹೇಳಲಾಗುವುದಿಲ್ಲ. ‘ರಿಕ್ಷಾದಲ್ಲಿ ನಿಗೂಢ ಸ್ಫೋಟ, ಚಾಲಕ–ಪ್ರಯಾಣಿಕನಿಗೆ ಗಾಯ’ ಎಂದಷ್ಟೇ ಹೋಯಿತು. ಮರುದಿನ ಗೊತ್ತಾದ ಹಾಗೆ ಆ ಕಾರ್ಡು ಒಬ್ಬ ರೈಲ್ವೆ ನೌಕರರದ್ದು. ಅವರು ಅದನ್ನು ಕಳೆದುಕೊಂಡಿದ್ದರು. ಹೆಸರು ಹಾಕಿದ್ದರೆ ಬೆಳಿಗ್ಗೆ ಎದ್ದು ಚಹಾ ಕುಡಿಯುವ ಹೊತ್ತಿಗೆ ಅವರು ಬಾಂಬ್ ಹೊತ್ತವರಾಗಿಬಿಡುತ್ತಿದ್ದರು. ಮೂರು ರಾತ್ರಿಗಳಲ್ಲಿ ನಾವು ಸರಿಯಾಗಿ ಮಾಡಿದ ಕೆಲಸ ಅದೊಂದೇ ಎಂದು ಈಗಲೂ ಅನಿಸುತ್ತದೆ.

ಭಾನುವಾರ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಇದು ಆಕಸ್ಮಿಕ ಅಲ್ಲ, ದೊಡ್ಡ ಹಾನಿ ಮಾಡುವ ಉದ್ದೇಶದ ಭಯೋತ್ಪಾದಕ ಕೃತ್ಯ ಎಂದು ಟ್ವೀಟ್ ಮಾಡಿದರು. ಅಲ್ಲಿಗೆ ಕೃತ್ಯಕ್ಕೆ ಹೆಸರು ಸಿಕ್ಕಿತು, ಹೇಳಿದವರೂ ಹೊಣೆ ಇದ್ದವರೇ. ಆ ರಾತ್ರಿ ‘ಅದು ಭಯೋತ್ಪಾದಕ ಕೃತ್ಯ: ಡಿಜಿಪಿ’ ಎಂದು ಹಾಕಿ ಮನೆಗೆ ಹೋದೆವು. ತೊಡಕೇನೂ ಬರಲಿಲ್ಲ.

ಮೂರನೆಯ ರಾತ್ರಿ

ಸೋಮವಾರ ಪ್ರಯಾಣಿಕನ ಗುರುತು ಖಚಿತವಾಯಿತು. ತೀರ್ಥಹಳ್ಳಿಯ 24 ವರ್ಷದ ಯುವಕ. ಮನೆಯವರೇ ಆಸ್ಪತ್ರೆಗೆ ಬಂದು ಗುರುತು ಹಿಡಿದರು. ಪೊಲೀಸರಿಗೆ ಅವನು ಹೊಸಬನೂ ಆಗಿರಲಿಲ್ಲ. 2020ರ ನವೆಂಬರ್ ಕೊನೆಗೆ ಮಂಗಳೂರಿನ ಗೋಡೆಯ ಮೇಲೆ ಲಷ್ಕರ್ ಎ ತೊಯ್ಬಾಕ್ಕೆ ಜಿಂದಾಬಾದ್ ಹೇಳಿದ ಬರಹ ಕಾಣಿಸಿಕೊಂಡಿತ್ತಲ್ಲ, ಆ ಪ್ರಕರಣದಲ್ಲಿ ಬಂಧನವಾಗಿ ಜಾಮೀನಿನ ಮೇಲೆ ಹೊರಬಂದವನು. 2022ರಲ್ಲಿ ಶಿವಮೊಗ್ಗದಲ್ಲಿ ದಾಖಲಾದ, ಇಸ್ಲಾಮಿಕ್ ಸ್ಟೇಟ್ ನಂಟಿನ ಪ್ರಕರಣದಲ್ಲೂ ಅವನ ಹೆಸರಿತ್ತು. ಮೈಸೂರಿನಲ್ಲಿ ಸುಳ್ಳು ಹೆಸರಿನಲ್ಲಿ ರೂಮು ಮಾಡಿಕೊಂಡಿದ್ದ. ಇದೆಲ್ಲ ಒಂದೇ ದಿನದಲ್ಲಿ ಹೊರಗೆ ಬಂತು. ಡೆಸ್ಕಿಗೆ ಸುದ್ದಿಯ ಪ್ರವಾಹ.

ಡೆಸ್ಕಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಶೀರ್ಷಿಕೆಯ ಪದವನ್ನು ಅರ್ಧ ನಾವು ಆರಿಸುತ್ತೇವೆ, ಅರ್ಧ ಕಾಲಂ ಆರಿಸುತ್ತದೆ. ‘ಭಯೋತ್ಪಾದಕ’ ಎಂಬ ಪದ ಮೂರು ಕಾಲಮಿನ ದಪ್ಪ ಅಕ್ಷರದಲ್ಲಿ ಅರ್ಧ ಸಾಲು ನುಂಗುತ್ತದೆ. ‘ಉಗ್ರ’ ಎರಡೇ ಅಕ್ಷರ, ಎಲ್ಲಿ ಬೇಕಾದರೂ ಕೂರುತ್ತದೆ. ಉಗ್ರ ನರಸಿಂಹನಿಗೆ ವಿಶೇಷಣವಾಗಿದ್ದ ಪದ ಪತ್ರಿಕೆಯಲ್ಲಿ ನಾಮಪದವಾಗಿ ಬೇರೂರಿದ್ದಕ್ಕೆ ಈ ಜಾಗದ ಲೆಕ್ಕವೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ‘ಶಂಕಿತ’ ಎಂಬ ಮೂರಕ್ಷರ ಸೇರಿಸಿದರೆ ಸಾಲು ಒಡೆಯುತ್ತದೆ. ರಾತ್ರಿ ಹನ್ನೊಂದೂಮುಕ್ಕಾಲಿಗೆ ಪುಟ ಬಿಡಬೇಕಾದಾಗ ಮೊದಲು ಬೀಳುವುದು ‘ಶಂಕಿತ’ವೇ.

ಅವತ್ತು ಅದೇ ಆಯಿತು. ಮುಖಪುಟದಲ್ಲಿ ‘ಕುಕ್ಕರ್ ಬಾಂಬ್: ಉಗ್ರನ ಗುರುತು ಪತ್ತೆ’. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಒಳಪುಟದಲ್ಲಿ ಹಳೆಯ ಪ್ರಕರಣಗಳನ್ನೆಲ್ಲ ಒಟ್ಟು ಹಾಕಿದ ಅರ್ಧ ಪುಟದ ವರದಿ ಇತ್ತು. ಅದರ ತಲೆಗೊಂದು ಸಾಲು ಬೇಕಿತ್ತು. ‘ಕರಾವಳಿಯಲ್ಲಿ ಮುಸ್ಲಿಂ ಉಗ್ರರ ಜಾಲ’ ಎಂದು ನಾನೇ ಟೈಪ್ ಮಾಡಿದೆ. ಯಾರೂ ಒತ್ತಾಯಿಸಲಿಲ್ಲ. ಜಾಗಕ್ಕೆ ಸರಿಯಾಗಿ ಕೂತಿತು, ಬಿಟ್ಟೆ.

ಬೆಳಿಗ್ಗೆಯ ಫೋನು

ಮಂಗಳವಾರ ಹತ್ತೂವರೆಗೆ ಆಫೀಸಿನ ಲ್ಯಾಂಡ್‌ಲೈನಿಗೆ ಒಂದು ಕರೆ ಬಂತು. ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ರಿಕ್ಷಾ ಓಡಿಸುವವರು. ಬ್ಯಾರಿ. ಇಪ್ಪತ್ತು ವರ್ಷದಿಂದ ನಮ್ಮ ಪತ್ರಿಕೆ ತರಿಸುತ್ತಾರಂತೆ. ಅವರು ಬೈಯಲಿಲ್ಲ. ಅವರು ಹೇಳಿದ್ದನ್ನು ಆಗಲೇ ನೋಟ್‌ಪ್ಯಾಡಿನಲ್ಲಿ ಗೀಚಿಕೊಂಡದ್ದು ಇನ್ನೂ ಇದೆ.

“ಮೇಡಂ, ಬಾಂಬು ಹಿಡ್ಕೊಂಡು ಬಂದವನಿಗೆ ನೀವು ಏನು ಹೆಸರು ಇಟ್ಟರೂ ನನಗೆ ಬೇಜಾರಿಲ್ಲ. ಅವ ಸುಟ್ಟದ್ದು ನನ್ನ ಹಾಗಿನ ಒಬ್ಬ ರಿಕ್ಷಾದವನನ್ನು. ಅವನಿಗೆ ಉಗ್ರ ಅಂತ ಹಾಕಿ, ಅದಕ್ಕಿಂತ ದೊಡ್ಡ ಪದ ಇದ್ದರೆ ಅದನ್ನೇ ಹಾಕಿ. ಆದರೆ ಒಳಗೆ ‘ಮುಸ್ಲಿಂ ಉಗ್ರರು’ ಅಂತ ಹಾಕಿದ್ದೀರಲ್ಲ, ಅದರ ಮೊದಲಿನ ಅರ್ಧ ನನ್ನದೂ ಹೌದಲ್ಲ? ಬೆಳಿಗ್ಗೆಯಿಂದ ಇಬ್ಬರು ಹತ್ತಲಿಕ್ಕೆ ಅಂತ ಬಂದು, ಸೀಟಿನ ಹಿಂದೆ ಹಾಕಿದ ನನ್ನ ಹೆಸರಿನ ಕಾರ್ಡು ಓದಿ, ಹಿಂದಿನ ರಿಕ್ಷಾಕ್ಕೆ ಹೋದರು. ನಾನು ಯಾರ ಹತ್ತಿರ ಹೇಳುವುದು?”

ಕೊನೆಗೆ ಇನ್ನೊಂದು ಮಾತು ಸೇರಿಸಿದರು. “ಅವ ಬ್ಯಾರಿ ಕೂಡ ಅಲ್ಲ, ಘಟ್ಟದ ಮೇಲಿನವ. ಇಲ್ಲಿ ಸ್ಟ್ಯಾಂಡಿನಲ್ಲಿ ಎಲ್ಲರೂ ‘ಬ್ಯಾರಿ ಬಾಂಬು ಇಟ್ಟ’ ಅಂತಲೇ ಹೇಳುವುದು.”

ನಮ್ಮ ಊರಿನಲ್ಲಿ ‘ಬ್ಯಾರಿ’ ಎಂಬುದು ಒಂದು ಸಮುದಾಯದ, ಒಂದು ಭಾಷೆಯ ಹೆಸರು. ಬಾಯಿಮಾತಿನಲ್ಲಿ ಅದೇ ಎಲ್ಲ ಮುಸ್ಲಿಮರಿಗೂ ಅಂಟಿಕೊಂಡಿದೆ. ಪದಗಳು ಹೀಗೆ ಹಿಗ್ಗುವುದನ್ನು ಪತ್ರಿಕೆಯವರು ತಡೆಯಬೇಕು. ನಾನು ತಡೆಯಲಿಲ್ಲ, ನನ್ನ ಪಾಲಿನದನ್ನೂ ಸೇರಿಸಿ ಹಿಗ್ಗಿಸಿದ್ದೆ.

ಹಳೆಯ ಸಂಚಿಕೆ

ಫೋನ್ ಇಟ್ಟ ಮೇಲೆ ಲೈಬ್ರರಿಗೆ ಹೋಗಿ 2020ರ ಜನವರಿಯ ಬೈಂಡ್ ತೆಗೆಸಿದೆ. ಮನಸ್ಸಿನಲ್ಲಿ ಒಂದು ಅನುಮಾನ ಇತ್ತು.

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಒಂದು ಬ್ಯಾಗಿನೊಳಗೆ ಬಾಂಬ್ ಸಿಕ್ಕಿತ್ತು. ಬಾಂಬ್ ದಳದವರು ಅದನ್ನು ಮೈದಾನಕ್ಕೆ ಒಯ್ದು ಸ್ಫೋಟಿಸಿದರು. ಎರಡು ದಿನಕ್ಕೆ ಒಬ್ಬ ವ್ಯಕ್ತಿ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ. ಮಣಿಪಾಲದವನು, ಹಿಂದೂ, ಇಂಜಿನಿಯರಿಂಗ್ ಓದಿದವನು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗಲಿಲ್ಲ ಎಂಬ ಸಿಟ್ಟು, ಹಿಂದೆಯೂ ಹುಸಿ ಬಾಂಬ್ ಕರೆ ಮಾಡಿ ಜೈಲಿಗೆ ಹೋಗಿದ್ದವನು.

ನಮ್ಮದೇ ಪತ್ರಿಕೆ, ನಮ್ಮದೇ ಡೆಸ್ಕ್. ಯಾರೆಂದು ಗೊತ್ತಾಗುವ ಮೊದಲು ಹಾಕಿದ್ದು: ‘ಏರ್‌ಪೋರ್ಟಿನಲ್ಲಿ ಬಾಂಬ್: ಉಗ್ರರ ಕೈವಾಡ?’ ಗೊತ್ತಾದ ಮೇಲೆ: ‘ಬಾಂಬ್ ಇಟ್ಟ ಕಿಡಿಗೇಡಿ ಶರಣು’. ಒಳಗೆ ಅವನ ನಿರುದ್ಯೋಗ, ಹತಾಶೆ, ಒಂಟಿತನ. ಒಂದು ಬಾಕ್ಸಿನಲ್ಲಿ ಮಾನಸಿಕ ತಜ್ಞರ ಅಭಿಪ್ರಾಯ. ಕಿಡಿಗೇಡಿ ಎಂದರೆ ನಮ್ಮ ಕಡೆ ಬಸ್ಸಿಗೆ ಕಲ್ಲು ಹೊಡೆದವನೂ ಹೌದು, ತೋಟದ ಬೇಲಿ ಕಿತ್ತವನೂ ಹೌದು.

ಕೋರ್ಟು ಹಾಗೆ ಹೇಳಲಿಲ್ಲ. 2022ರ ಮಾರ್ಚಿನಲ್ಲಿ, ಅಂದರೆ ನಾಗುರಿ ಸ್ಫೋಟಕ್ಕೆ ಎಂಟು ತಿಂಗಳ ಮೊದಲು, ಮಂಗಳೂರಿನ ನ್ಯಾಯಾಲಯ ಅವನಿಗೆ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿಯಲ್ಲಿ 20 ವರ್ಷದ ಶಿಕ್ಷೆ ಕೊಟ್ಟಿತು. ಆ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಭಯೋತ್ಪಾದಕ ಕೃತ್ಯದ ವ್ಯಾಖ್ಯೆ ಇದೆ. ದೇಶದ ಏಕತೆ, ಭದ್ರತೆ, ಸಾರ್ವಭೌಮತೆಗೆ ಬೆದರಿಕೆ ಒಡ್ಡುವ ಅಥವಾ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಇರಬೇಕು. ಬಾಂಬು, ಸ್ಫೋಟಕ, ಬಂದೂಕು, ವಿಷದಂಥ ಸಾಧನ ಬಳಸಿ ಸಾವುನೋವು ಅಥವಾ ಹಾನಿ ಮಾಡಿರಬೇಕು, ಇಲ್ಲವೇ ಹಾಗೆ ಆಗುವ ಸಂಭವ ಇರಬೇಕು. ಅದರಲ್ಲಿ ಧರ್ಮದ ಮಾತೇ ಇಲ್ಲ. ಕಾನೂನಿನ ಕಣ್ಣಿಗೆ ಮಣಿಪಾಲದವನ ಕೃತ್ಯ ಭಯೋತ್ಪಾದನೆಯೇ ಆಗಿತ್ತು. ತೀರ್ಪಿನ ದಿನವೂ ನಮ್ಮ ಶೀರ್ಷಿಕೆಯಲ್ಲಿ ಅವನು ‘ಬಾಂಬ್ ಇಟ್ಟವ’ ಅಷ್ಟೇ ಆಗಿದ್ದ.

ಇಬ್ಬರ ಹೆಸರನ್ನೂ ಇಲ್ಲಿ ಬರೆದಿಲ್ಲ. ಒಬ್ಬನದು ಬರೆದು ಇನ್ನೊಬ್ಬನದು ಬಿಟ್ಟರೆ ಅದೇ ತಪ್ಪನ್ನು ಮತ್ತೆ ಮಾಡಿದ ಹಾಗಾಗುತ್ತದೆ.

ಆ ಬೈಂಡನ್ನು ಹೊತ್ತುಕೊಂಡು ಮಧ್ಯಾಹ್ನದ ಮೀಟಿಂಗಿಗೆ ಹೋದೆ.

ಮೀಟಿಂಗು

ನಮ್ಮ ಹಿರಿಯ ಸಂಪಾದಕರು ಮೂವತ್ತು ವರ್ಷ ಕರಾವಳಿಯ ಗಲಭೆ ವರದಿ ಮಾಡಿದವರು. 1998ರ ಸುರತ್ಕಲ್ ಗಲಭೆಯನ್ನು ಬೀದಿಯಲ್ಲಿ ನಿಂತು ನೋಡಿದವರು. ಅವರ ವಾದ ನೇರ ಇತ್ತು. “ಧರ್ಮದ ಹೆಸರು ನಾವು ಹಾಕಿದ್ದಲ್ಲ ಮಾರಾಯ್ತಿ, ಅವರೇ ಹಾಕಿಕೊಂಡು ಬಂದದ್ದು. ಗೋಡೆಯ ಮೇಲೆ ಬರೆದವರು ಅವರು. ಇಸ್ಲಾಮಿಕ್ ಸ್ಟೇಟ್ ಅಂತ ಹೆಸರಿಟ್ಟುಕೊಂಡವರು ಅವರು. ನಾವು ಮುಚ್ಚಿಟ್ಟರೆ ಓದುಗ ನಮ್ಮನ್ನು ನಂಬುವುದಿಲ್ಲ.”

ಉಡುಪಿ ಬ್ಯೂರೋದ ಗೆಳೆಯನೊಬ್ಬ ಎದುರು ವಾದ ಹಿಡಿದ. ಭಯೋತ್ಪಾದನೆಗೆ ಧರ್ಮ ಇಲ್ಲ, ‘ದುಷ್ಕರ್ಮಿ’ ಎಂದು ಹಾಕಿ ಮುಗಿಸೋಣ, ಬೇರೆ ಯಾವ ವಿಶೇಷಣವೂ ಬೇಡ ಎಂದ.

ಈ ಎರಡನೆಯ ವಾದ ಕೇಳಲಿಕ್ಕೆ ಹಿತ. ನಮ್ಮ ಜಿಲ್ಲೆಯಲ್ಲಿ ನಡೆಯುವ ಪ್ರತಿ ಶಾಂತಿ ಸಭೆಯಲ್ಲೂ ಆ ಮಾತು ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ನನಗೆ ಅದು ಒಪ್ಪಿಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ. ಹುಡುಗನೊಬ್ಬನನ್ನು ಮೊಬೈಲಿನ ಮೂಲಕ ಹಾದಿ ತಪ್ಪಿಸುವವನು ಕೆಲಸಕ್ಕೆ ಬಳಸುವುದೇ ಧರ್ಮದ ಮಾತನ್ನು, ಧರ್ಮಕ್ಕೆ ಅನ್ಯಾಯ ಆಗಿದೆ ಎಂಬ ಮಾತನ್ನು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನಾವು ಬರೆದರೆ, ಆ ಮಾತಿನ ತಪ್ಪು ಅರ್ಥದ ವಿರುದ್ಧ ಮಸೀದಿಯ ಒಳಗೇ ನಿಂತು ಹೋರಾಡುವವರು ಕಾಣದ ಹಾಗೆ ಆಗುತ್ತಾರೆ. ಅವರು ಏನನ್ನು ವಿರೋಧಿಸುತ್ತಿದ್ದಾರೆ ಎಂದು ಹೇಳಲಿಕ್ಕೂ ನಮ್ಮಲ್ಲಿ ಪದ ಇರುವುದಿಲ್ಲ.

ಬಂದರು ಕಡೆಯ ಬ್ಯಾರಿ ಹುಡುಗನೊಬ್ಬ ನಮ್ಮ ಡೆಸ್ಕಿನಲ್ಲಿದ್ದ. ಮಾತು ಕಡಿಮೆ. ಅವತ್ತು ಕೊನೆಗೆ ಬಾಯಿ ಬಿಟ್ಟ. “ಅಕ್ಕ, ನಮ್ಮಲ್ಲಿ ಇವರಿಗೆ ಹಳೆಯ ಹೆಸರೇ ಉಂಟು. ಖವಾರಿಜ್ ಅಂತ. ನಮ್ಮ ಉಸ್ತಾದರು ಬಯಾನಿನಲ್ಲಿ ಹೇಳುವುದು ಅದೇ ಪದ. ನೀವು ಇಷ್ಟು ಹೊತ್ತು ಚರ್ಚೆ ಮಾಡಿದಿರಿ, ನಾವು ಇವರಿಗೆ ಏನು ಹೇಳುತ್ತೇವೆ ಅಂತ ಯಾರೂ ಕೇಳಲಿಲ್ಲ.”

ಯಾರಿಗೂ ಉತ್ತರ ಹೊಳೆಯಲಿಲ್ಲ.

ಒಳಗಿನ ಹೆಸರುಗಳು

ಆ ಹುಡುಗ ಹೇಳಿದ ಪದಕ್ಕೆ ಸಾವಿರದ ಮುನ್ನೂರು ವರ್ಷಕ್ಕೂ ಮೇಲ್ಪಟ್ಟ ಇತಿಹಾಸ ಇದೆ. 657ರಲ್ಲಿ ಸಿಫ್ಫೀನ್ ಯುದ್ಧದ ಹೊತ್ತಿಗೆ ನಾಲ್ಕನೆಯ ಖಲೀಫ ಅಲಿ ಮಧ್ಯಸ್ಥರ ತೀರ್ಪಿನ ಮೂಲಕ ಸಂಧಾನಕ್ಕೆ ಒಪ್ಪಿದರು. ತೀರ್ಪು ಕೊಡುವುದು ದೇವರ ಹಕ್ಕು, ಮನುಷ್ಯರದಲ್ಲ ಎಂದು ಒಂದು ಗುಂಪು ಸಿಡಿದು ಹೊರಗೆ ಹೋಯಿತು. ಹೊರಹೋದವರು, ಅದೇ ಖವಾರಿಜ್. ತಮ್ಮ ಅರ್ಥವನ್ನು ಒಪ್ಪದ ಮುಸ್ಲಿಮರೆಲ್ಲ ಧರ್ಮಭ್ರಷ್ಟರು, ಅವರನ್ನು ಕೊಲ್ಲಬಹುದು ಎಂಬ ಮಟ್ಟಕ್ಕೆ ಅವರಲ್ಲಿ ಉಗ್ರರಾದವರು ಹೋದರು. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯವರ ಮೇಲೆ ಕತ್ತಿ ಬೀಸಿದ್ದು ಅವರಲ್ಲೊಬ್ಬ. ಇನ್ನೊಬ್ಬ ಮುಸ್ಲಿಮನನ್ನು ಧರ್ಮದಿಂದ ಹೊರಗೆ ಎಂದು ಘೋಷಿಸುವ ಈ ನಡೆಗೆ ತಕ್ಫೀರ್ ಎನ್ನುತ್ತಾರೆ. ಇಸ್ಲಾಮಿಕ್ ಸ್ಟೇಟ್ ನಡೆಸಿದ್ದು ಅದನ್ನೇ ಎಂಬುದು ಅದನ್ನು ವಿರೋಧಿಸಿದ ಉಲೆಮಾಗಳ (ಧರ್ಮ ವಿದ್ವಾಂಸರ) ವಾದ. 2014ರ ಸೆಪ್ಟೆಂಬರಿನಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಇಸ್ಲಾಮಿಕ್ ಸ್ಟೇಟಿನ ನಾಯಕ ಬಗ್ದಾದಿಗೆ ಬಹಿರಂಗ ಪತ್ರ ಬರೆದು, ನೀನು ಮಾಡುತ್ತಿರುವುದು ಯಾವ ಯಾವ ಕಾರಣಕ್ಕೆ ನಿಷಿದ್ಧ ಎಂದು ಧರ್ಮಶಾಸ್ತ್ರದ ಭಾಷೆಯಲ್ಲೇ ಹೇಳಿದರು. ನಮ್ಮ ದೇಶದಲ್ಲಿ ದಾರುಲ್ ಉಲೂಮ್ ದೇವಬಂದ್ 2008ರಲ್ಲೇ ಭಯೋತ್ಪಾದನೆಯ ವಿರುದ್ಧ ಫತ್ವಾ ಕೊಟ್ಟಿತ್ತು. ಅದೇ ವರ್ಷ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ದಾಳಿಕೋರರನ್ನು ಹೂಳಲಿಕ್ಕೆ ಮುಂಬೈಯ ಮುಸ್ಲಿಂ ಕಬರಸ್ತಾನದವರು ಜಾಗ ಕೊಡಲಿಲ್ಲ. ಇಂಥದ್ದನ್ನು ಮಾಡಿದವರು ಮುಸ್ಲಿಮರಾಗಲಿಕ್ಕೆ ಸಾಧ್ಯವಿಲ್ಲ ಎಂದರು. ಆ ಶವಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಶವಾಗಾರದಲ್ಲೇ ಬಿದ್ದಿದ್ದವು.

ನಮ್ಮ ಕರಾವಳಿಯ ಮುಸ್ಲಿಮರಿಗೆ ಇದು ದೂರದ ಮಾತಲ್ಲ. ಉಳ್ಳಾಲದ ಸಯ್ಯಿದ್ ಮದನಿ ದರ್ಗಾಕ್ಕೆ ಹರಕೆ ಹೊತ್ತು ಹೋಗುವ ಬ್ಯಾರಿ ತಾಯಿಯೊಬ್ಬಳು ಇಸ್ಲಾಮಿಕ್ ಸ್ಟೇಟಿನ ಲೆಕ್ಕದಲ್ಲಿ ದೇವರಿಗೆ ಸಮಾನರನ್ನು ಮಾಡಿದ ಪಾಪಿ. 2017ರ ಫೆಬ್ರವರಿಯಲ್ಲಿ ಸಿಂಧ್ ಪ್ರಾಂತದ ಸೆಹ್ವಾನಿನಲ್ಲಿ ಲಾಲ್ ಶಹಬಾಜ್ ಕಲಂದರ್ ದರ್ಗಾದೊಳಗೆ ಬಾಂಬ್ ಸಿಡಿಸಿ 80ಕ್ಕೂ ಹೆಚ್ಚು ಜನರನ್ನು ಕೊಂದ ದಾಳಿಯನ್ನು ತಮ್ಮದೇ ಎಂದು ಹೇಳಿಕೊಂಡವರು ಇವರೇ. 2019ರ ಈಸ್ಟರ್ ಭಾನುವಾರ ಶ್ರೀಲಂಕಾದ ಚರ್ಚು, ಹೋಟೆಲುಗಳಲ್ಲಿ 260ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಗುಂಪಿನ ನಾಯಕನ ಬಗ್ಗೆ ಅವನ ಊರು ಕಾತ್ತಾನ್‌ಕುಡಿಯ ಮುಸ್ಲಿಮರೇ ಮೊದಲು ಎಚ್ಚರಿಸಿದ್ದರು. ಅಲ್ಲಿನ ಸೂಫಿ ಪಂಥದವರ ಮೇಲೆಯೇ ಅವನ ಕಡೆಯವರು ಮೊದಲು ಕೈ ಮಾಡಿದ್ದರು. ಇನ್ನೂ ಹತ್ತಿರಕ್ಕೆ ಬರುವುದಾದರೆ, 2016ರಲ್ಲಿ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಯುವಕರು ಹೆಂಡತಿ ಮಕ್ಕಳ ಸಮೇತ ಅಫ್ಘಾನಿಸ್ತಾನದ ನಂಗರ್‌ಹಾರಿಗೆ ಹೋಗಿ ಇಸ್ಲಾಮಿಕ್ ಸ್ಟೇಟ್ ಸೇರಿದರು. ಮಕ್ಕಳು ಕಾಣೆಯಾಗಿದ್ದಾರೆ ಎಂದು ಮೊದಲು ಬಾಯಿ ಬಿಟ್ಟವರು ಅವರ ಮನೆಯವರೇ.

ಈ ಒಂದೊಂದು ಕಡೆಯೂ ‘ಮುಸ್ಲಿಂ’ ಎಂಬ ಪದ ಬಾಂಬ್ ಇಟ್ಟವನಿಗೂ ಸಲ್ಲುತ್ತದೆ, ಸತ್ತವನಿಗೂ ಸಲ್ಲುತ್ತದೆ, ದೂರು ಕೊಟ್ಟವನಿಗೂ ಸಲ್ಲುತ್ತದೆ. ಯಾರನ್ನೂ ಬೇರೆ ಮಾಡಿ ತೋರಿಸದ ಪದವನ್ನು ಶೀರ್ಷಿಕೆಗೆ ಹಾಕಿದರೆ ಓದುಗನಿಗೆ ಸುದ್ದಿಯೇ ಸಿಕ್ಕಿದ ಹಾಗಾಗಲಿಲ್ಲ. ನಾನು ಹಾಕಿದ ‘ಮುಸ್ಲಿಂ ಉಗ್ರರು’ ನೋವು ಕೊಟ್ಟಿತು ಎಂಬುದು ಒಂದು ಮಾತು. ಸುದ್ದಿಯಾಗಿಯೂ ಅದು ತಪ್ಪಾಗಿತ್ತು ಎಂಬುದು ನನಗೆ ಅದಕ್ಕಿಂತ ಮುಖ್ಯ.

‘ಖವಾರಿಜ್’ ಎಂಬ ಪದವನ್ನೂ ಹಾಗೇ ಎತ್ತಿಕೊಳ್ಳಲಿಕ್ಕೆ ಆಗುವುದಿಲ್ಲ. ಅದು ಧರ್ಮದೊಳಗಿನ ತೀರ್ಪು. ಯಾರು ನಿಜವಾದ ಮುಸ್ಲಿಂ, ಯಾರು ಅಲ್ಲ ಎಂದು ಹೇಳುವ ಅಧಿಕಾರ ಒಂದು ಕನ್ನಡ ಪತ್ರಿಕೆಗಿಲ್ಲ. ಉಸ್ತಾದರು ಹಾಗೆ ಹೇಳಿದರೆ ‘ಹೀಗೆ ಹೇಳಿದರು’ ಎಂದು ವರದಿ ಮಾಡುವುದು ನಮ್ಮ ಕೆಲಸ. ನಾವು ಅದನ್ನು ಒಂದು ಸಲವೂ ಮಾಡಿರಲಿಲ್ಲ.

ಉಳಿದ ಪದಗಳ ಪಾಡು

‘ಮೂಲಭೂತವಾದಿ’ ಎಂದು ಹಾಕೋಣ ಎಂಬ ಸಲಹೆಯೂ ಬಂತು. ಕನ್ನಡದಲ್ಲಿ ಮೂಲಭೂತ ಎಂದರೆ ಅಡಿಪಾಯದ್ದು: ಮೂಲಭೂತ ಹಕ್ಕು, ಮೂಲಭೂತ ಸೌಕರ್ಯ. ಐದು ಹೊತ್ತು ನಮಾಜು ಮಾಡಿ, ಉಪವಾಸ ಹಿಡಿದು, ಬಡ್ಡಿ ಮುಟ್ಟದೆ ಬದುಕುವ ಮನುಷ್ಯ, ನಾನು ಮೂಲವನ್ನೇ ಪಾಲಿಸುವವ ಎಂದರೆ ಏನು ಹೇಳುವುದು? ಮತನಿಷ್ಠೆಗೂ ಬಾಂಬಿಗೂ ಒಂದೇ ಪದ ಇಟ್ಟುಕೊಂಡ ಭಾಷೆ ನಮ್ಮ ಪತ್ರಿಕೆಗಳದ್ದು.

‘ಜಿಹಾದಿ’ ಎಂಬುದು ಒಂದು ಕಾಲಕ್ಕೆ ಉಪಯೋಗಕ್ಕೆ ಬರಬಹುದಾಗಿದ್ದ ಪದ. ಶಸ್ತ್ರ ಹಿಡಿದು ಖಿಲಾಫತ್ (ಖಲೀಫನ ಆಳ್ವಿಕೆಯ ರಾಜ್ಯ) ಕಟ್ಟುತ್ತೇವೆ ಎನ್ನುವ ಗುಂಪುಗಳನ್ನು ಉಳಿದ ಮುಸ್ಲಿಮರಿಂದ ಬೇರೆ ಮಾಡಿ ಹೇಳಲಿಕ್ಕೆ ಜಗತ್ತಿನ ಎಷ್ಟೋ ಸಂಶೋಧಕರು ಅದನ್ನು ಬಳಸುತ್ತಾರೆ. ನಮ್ಮ ಊರಿನಲ್ಲಿ ಆ ಪದವನ್ನು ಪ್ರೀತಿಗೆ ಅಂಟಿಸಿದರು, ಜಾಗಕ್ಕೆ ಅಂಟಿಸಿದರು, ಹಣ್ಣಿನ ವ್ಯಾಪಾರಕ್ಕೂ ಅಂಟಿಸಿದರು. ಬೀಚಿನಲ್ಲಿ ಐಸ್‌ಕ್ರೀಮ್ ತಿನ್ನುವ ಹುಡುಗ ಹುಡುಗಿಗೂ ಕುಕ್ಕರ್ ಬಾಂಬಿಗೂ ಒಂದೇ ಪದ ಆದ ಮೇಲೆ, ಬಾಂಬಿನವನಿಗೆ ಅದರಿಂದ ಅನುಕೂಲವೇ. ಅವನು ಗುಂಪಿನೊಳಗೆ ಮರೆಯಾಗಿಬಿಡುತ್ತಾನೆ.

ಊರಿನ ಹೆಸರೂ ಹೀಗೇ ಹಾಳಾಗುತ್ತದೆ. ಇಂಡಿಯನ್ ಮುಜಾಹಿದೀನ್ ಪ್ರಕರಣಗಳಲ್ಲಿ ರಿಯಾಜ್ ಶಾಬಂದ್ರಿಯೂ ಅಹ್ಮದ್ ಸಿದ್ದಿಬಾಪನೂ ಪತ್ರಿಕೆಗಳಲ್ಲಿ ‘ಭಟ್ಕಳ’ ಎಂಬ ಹೆಸರಿನಿಂದಲೇ ಪ್ರಸಿದ್ಧರಾದರು. ಅವರ ಮೇಲಿನ ಆರೋಪಗಳು ಸಣ್ಣವಲ್ಲ. ಎರಡನೆಯವನಿಗೆ, ಅಂದರೆ ಯಾಸಿನ್ ಭಟ್ಕಳ್‌ಗೆ, ಹೈದರಾಬಾದಿನ ದಿಲ್‌ಸುಖ್‌ನಗರ ಸ್ಫೋಟಕ್ಕೆ 2016ರಲ್ಲಿ ನ್ಯಾಯಾಲಯ ಮರಣದಂಡನೆ ವಿಧಿಸಿದೆ. ಆದರೆ ಮಲ್ಲಿಗೆ ಹೂವಿಗೂ ಅಲ್ಲಿನ ನವಾಯತ ಮುಸ್ಲಿಮರ ಬಿರಿಯಾನಿಗೂ ಹೆಸರಾದ ಊರಿನಿಂದ ಬಂದ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳುವಾಗ ಊರಿನ ಹೆಸರು ನುಂಗಿಕೊಳ್ಳಬೇಕಾದದ್ದು ಯಾವ ಕೋರ್ಟಿನ ತೀರ್ಪೂ ಅಲ್ಲ.

ಹೊರಗಿನ ವಿದ್ವಾಂಸರಲ್ಲೂ ಈ ಜಗಳ ತೀರಿಲ್ಲ. 2015ರ ಪ್ಯಾರಿಸ್ ದಾಳಿಯ ಸುಮಾರಿಗೆ ಫ್ರಾನ್ಸಿನ ಇಬ್ಬರು ಇಸ್ಲಾಂ ತಜ್ಞರು, ಜಿಲ್ ಕೆಪೆಲ್ ಮತ್ತು ಒಲಿವಿಯೆ ರುವಾ, ಇದೇ ವಿಷಯಕ್ಕೆ ಎದುರುಬದುರಾದರು. ಇಸ್ಲಾಮಿನೊಳಗೆ, ಮೊದಲ ತಲೆಮಾರುಗಳ ಆಚರಣೆಗೇ ಮರಳಬೇಕು ಎನ್ನುವ ಸಲಫಿ ಧಾರೆ ಹಬ್ಬಿ ಅದರಿಂದ ಹಿಂಸೆ ಹುಟ್ಟುತ್ತಿದೆ, ಗ್ರಂಥವನ್ನೂ ಬೋಧಕರನ್ನೂ ನೋಡದೆ ಇದು ಅರ್ಥವಾಗುವುದಿಲ್ಲ ಎಂಬುದು ಕೆಪೆಲ್ ಅವರ ನಿಲುವು. ರೋಷ, ಸಾವಿನ ಸೆಳೆತ ಮೊದಲೇ ಇರುವ ತರುಣರು ಈಗ ಕೈಗೆ ಸಿಗುವ ಬಾವುಟವಾಗಿ ಇಸ್ಲಾಮನ್ನು ಹಿಡಿಯುತ್ತಾರೆ, ಅವರಲ್ಲಿ ಬಹಳ ಮಂದಿಗೆ ಧರ್ಮದ ಓದು ಅಷ್ಟಕ್ಕಷ್ಟೇ ಎಂಬುದು ರುವಾ ಅವರದು. ತೀರ್ಥಹಳ್ಳಿಯ ಹುಡುಗ ಇದರಲ್ಲಿ ಯಾವ ಸಾಲಿಗೆ ಸೇರುತ್ತಾನೆ? 2020ರ ಗೋಡೆಬರಹದಲ್ಲಿ ಇದ್ದದ್ದು ಸಂಘ ಪರಿವಾರದ ಮೇಲಿನ ರಾಜಕೀಯ ಸಿಟ್ಟು ಮತ್ತು ಒಂದು ಉಗ್ರ ಸಂಘಟನೆಯ ಹೆಸರು. ಮುಂದಿನ ಎರಡು ವರ್ಷದಲ್ಲಿ ಅದು ಖಿಲಾಫತ್ತಿನ ಕನಸಾಯಿತು ಎಂಬುದು ತನಿಖೆಯವರ ಆರೋಪ. ನನಗೆ ಅವನ ಹಾದಿಯಲ್ಲಿ ಇಬ್ಬರ ಮಾತಿಗೂ ಜಾಗ ಕಾಣುತ್ತದೆ. ರಾತ್ರಿ ಹನ್ನೊಂದೂಮುಕ್ಕಾಲಿಗೆ ಡೆಸ್ಕಿನಲ್ಲಿ ಕೂತು ತೀರ್ಮಾನಿಸುವ ವಿಷಯ ಅದಲ್ಲ.

ಏನು ಬದಲಾಯಿತು

ಬುಧವಾರದ ಪತ್ರಿಕೆಯಲ್ಲಿ ಎರಡನೆಯ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಸಂಪಾದಕರು ಮೊದಲು ಒಪ್ಪಲಿಲ್ಲ. ತಿದ್ದುಪಡಿ ಹಾಕಿದರೆ ಹೆದರಿದೆವು ಎನ್ನುತ್ತಾರೆ ಎಂಬುದು ಅವರ ಆತಂಕ. 2020ರ ಬೈಂಡನ್ನು ಅವರ ಮುಂದೆ ಬಿಡಿಸಿ ಇಟ್ಟೆ. ‘ಕಿಡಿಗೇಡಿ’ ಎಂಬ ಶೀರ್ಷಿಕೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ಇದು ಬರೆದದ್ದು ನಾನೇ” ಎಂದರು. ಆಮೇಲೆ ಸಹಿ ಹಾಕಿದರು.

ಡೆಸ್ಕಿಗೆ ಒಂದು ಕಾಗದ ಅಂಟಿಸಿದೆವು. ಕೃತ್ಯದ ಹೆಸರು ಮೊದಲು, ಅದು ಕಾನೂನಿನ ವ್ಯಾಖ್ಯೆಗೆ ಹೊಂದಿದರೆ ಮಾಡಿದವನ ಜಾತಿ ಧರ್ಮ ಯಾವುದೇ ಇರಲಿ ಭಯೋತ್ಪಾದನೆಯೇ. ಸಂಘಟನೆಯ ಹೆಸರು ಗೊತ್ತಿದ್ದರೆ ಅದನ್ನೇ ಹಾಕುವುದು. ಸಿದ್ಧಾಂತದ ಮಾತು ಬಂದಾಗ ಮುಚ್ಚಿಡುವುದು ಬೇಡ, ಆದರೆ ಯಾರು ಹೇಳಿದ್ದು, ಯಾವ ಆಧಾರದ ಮೇಲೆ ಎಂದು ಅದೇ ವಾಕ್ಯದಲ್ಲಿ ಬರಬೇಕು. ಸಮುದಾಯದ ಹೆಸರನ್ನು ‘ಉಗ್ರ’ದ ಹಿಂದೆ ಜೋಡಿಸುವ ಹಾಗಿಲ್ಲ. ತೀರ್ಪು ಬರುವ ತನಕ ‘ಆರೋಪಿ’ ಅಥವಾ ‘ಶಂಕಿತ’ ಬೀಳಬಾರದು, ಸಾಲು ಒಡೆದರೆ ಒಡೆಯಲಿ.

ಪರೀಕ್ಷೆ ಎರಡೇ ದಿನಕ್ಕೆ ಬಂತು. ‘ಇಸ್ಲಾಮಿಕ್ ರೆಸಿಸ್ಟೆನ್ಸ್ ಕೌನ್ಸಿಲ್’ ಎಂಬ, ಅಲ್ಲಿಯ ತನಕ ಕೇಳದ ಹೆಸರಿನಲ್ಲಿ ಸ್ಫೋಟದ ಹೊಣೆ ಹೊತ್ತ ಹೇಳಿಕೆ ಹರಿದಾಡಿತು. ಇಲ್ಲಿ ಧರ್ಮದ ಹೆಸರು ಅವರದೇ ಹೇಳಿಕೆಯಲ್ಲಿತ್ತು, ಹಾಗಾಗಿ ಬಿಡಲಿಲ್ಲ. ಹೇಳಿಕೆಯ ಸಾಚಾತನವನ್ನು ಪೊಲೀಸರು ಪರಿಶೀಲಿಸುತ್ತಿದ್ದಾರೆ ಎಂಬುದನ್ನೂ ಶೀರ್ಷಿಕೆಯಲ್ಲೇ ಸೇರಿಸಿದೆವು. ಡಿಸೆಂಬರ್ 15ರಂದು ಡಿ.ಕೆ. ಶಿವಕುಮಾರ್ ಅವರು ಇದು ಮುಂಬೈ, ಪುಲ್ವಾಮಾದ ಹಾಗಿನ ಕೃತ್ಯವೇ, ಅಷ್ಟು ಅವಸರವಾಗಿ ಭಯೋತ್ಪಾದನೆ ಎಂದದ್ದು ಏಕೆ ಎಂಬ ಅರ್ಥದ ಪ್ರಶ್ನೆ ಎತ್ತಿದರು. ಬಿಜೆಪಿಯವರು ಬೀದಿಗೆ ಇಳಿದರು. ಆ ಪ್ರಶ್ನೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಎಷ್ಟು ಜನ ಸತ್ತರು ಎಂಬುದರ ಮೇಲೆ ಭಯೋತ್ಪಾದನೆ ಹೌದೋ ಅಲ್ಲವೋ ಎಂದು ಅಳೆಯಲಾಗದು. ಕುಕ್ಕರ್ ಗುರಿ ಮುಟ್ಟುವ ಮೊದಲೇ ಸಿಡಿದದ್ದು ನಮ್ಮ ಊರಿನ ಪುಣ್ಯ. ರಿಕ್ಷಾ ಚಾಲಕನ ಮೈಗೆ ಮಾತ್ರ ಆ ಪುಣ್ಯ ಇರಲಿಲ್ಲ.

ಇನ್ನೊಂದು ಕಡೆಯೂ ನಮಗೆ ಲೆಕ್ಕ ಬಾಕಿ ಇತ್ತು. ಅದೇ ವರ್ಷ ಜುಲೈಯಲ್ಲಿ ಹತ್ತು ದಿನದೊಳಗೆ ಬೆಳ್ಳಾರೆ ಸುತ್ತಮುತ್ತ ಇಬ್ಬರು, ಸುರತ್ಕಲಿನಲ್ಲಿ ಒಬ್ಬರು, ಒಟ್ಟು ಮೂವರು ಯುವಕರ ಕೊಲೆಯಾಯಿತು. ಇಬ್ಬರು ಮುಸ್ಲಿಮರು, ಒಬ್ಬರು ಬಿಜೆಪಿ ಯುವ ಮೋರ್ಚಾದವರು. ಯುವ ಮೋರ್ಚಾ ಮುಖಂಡರ ಪ್ರಕರಣ ಎನ್‌ಐಎಗೆ ಹೋಯಿತು, ಪಿಎಫ್‌ಐಯ ಕೊಲೆಗಾರ ತಂಡಗಳ ಬಗ್ಗೆ ಆರೋಪಪಟ್ಟಿಯೂ ಬಂತು. ಆ ತನಿಖೆ ಆಗಬೇಕಾದದ್ದೇ. ಉಳಿದ ಎರಡನ್ನು ನಾವು ‘ಪ್ರತೀಕಾರ’, ‘ಹಲ್ಲೆ’ ಎಂದು ಬರೆದು ಮುಗಿಸಿದ್ದೆವು. ಕಾಗದ ಅಂಟಿಸಿದ ಮೇಲೆ ಆ ವರದಿಗಳನ್ನೂ ಮತ್ತೆ ಓದಿದೆವು.

2023ರ ನವೆಂಬರ್ 29ರಂದು ಕುಕ್ಕರ್ ಪ್ರಕರಣದಲ್ಲಿ ಎನ್‌ಐಎ ಇಬ್ಬರ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಬಾಂಬನ್ನು ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಇಡುವ ಉದ್ದೇಶವಿತ್ತು, ಖಿಲಾಫತ್ ಸ್ಥಾಪಿಸುವ ಸಂಚಿನ ಭಾಗ ಅದು, ದಾರಿಯಲ್ಲಿ ಆಕಸ್ಮಿಕವಾಗಿ ಸಿಡಿಯಿತು ಎಂಬುದು ಅದರ ಸಾರ. ಸ್ಫೋಟಕ್ಕೆ ಒಂದು ವರ್ಷದ ಮೇಲೆ ಸಿದ್ಧಾಂತದ ಮಾತು, ಹೇಳುವ ಅಧಿಕಾರ ಇರುವವರಿಂದ, ದಾಖಲೆಯ ರೂಪದಲ್ಲಿ ಬಂತು.

ಆ ರಾತ್ರಿಯೂ ಪಾಳಿ ನನ್ನದೇ. ಬಂದರಿನ ಹುಡುಗ ಮುಖಪುಟ ಮಾಡುತ್ತಿದ್ದ. ‘ಕುಕ್ಕರ್ ಸ್ಫೋಟ: ಖಿಲಾಫತ್ ಸ್ಥಾಪನೆಗೆ ಸಂಚು, ಇಬ್ಬರು ಆರೋಪಿಗಳ ವಿರುದ್ಧ ಎನ್‌ಐಎ ಆರೋಪಪಟ್ಟಿ’ ಎಂದು ಬರೆದು ನನ್ನ ಕಡೆ ತಿರುಗಿದ.

“ಅಕ್ಕ, ಎರಡು ಸಾಲಾಗುತ್ತದೆ. ‘ಆರೋಪಿಗಳ’ ತೆಗೆದರೆ ಒಂದೂವರೆ.”

“ಇರಲಿ” ಎಂದೆ. ಅವನು ಕೆಳಗಿದ್ದ ಚಿನ್ನದ ದರದ ಬಾಕ್ಸನ್ನು ಎಳೆದು ಐದನೆಯ ಪುಟಕ್ಕೆ ಹಾಕಿದ.